ಏಳನೆಯ ಮೂಳೆ ಇಲ್ಲದ ಫೋಟೋ

ಮರಳಿನ ಚೀಲ ನೆಲಕ್ಕೆ ಬಿದ್ದ ಸದ್ದು ಕೇಳಿ ನಾನು ಸೀಸದ ಗೋಡೆಯ ಹಿಂದಿನಿಂದ ಹೊರಗೆ ಬಂದೆ. ಎಕ್ಸ್‌ರೇ ಹಲಗೆಗೆ ಹೆಗಲು ತಾಗಿಸಿ ನಿಂತಿದ್ದ ರೋಗಿ ನಾಚಿಕೊಂಡು ನಗುತ್ತಿದ್ದರು.

"ಕೈ ಜಾರಿತು ಮೇಡಂ. ದೋಟಿ ಹಿಡಿದು ಹಿಡಿದು ಹಿಡಿತವೇ ಇಲ್ಲ."

ಕುತ್ತಿಗೆಯ ಎಕ್ಸ್‌ರೇಯನ್ನು ಪಕ್ಕದಿಂದ ತೆಗೆಯುವಾಗ ಎರಡೂ ಕೈಗೆ ಒಂದೊಂದು ಮರಳಿನ ಚೀಲ ಕೊಡುವುದು ಕ್ರಮ. ಆ ಭಾರಕ್ಕೆ ಹೆಗಲು ಕೆಳಗಿಳಿಯುತ್ತದೆ. ಇಳಿಯದಿದ್ದರೆ ಕುತ್ತಿಗೆಯ ಬುಡ ಹೆಗಲಿನ ಬಿಳಿ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಕುತ್ತಿಗೆಯಲ್ಲಿರುವುದು ಏಳು ಮೂಳೆ. ಏಳೂ ಕಾಣಬೇಕು, ಏಳನೆಯದು ಕೂತಿರುವ ಬೆನ್ನಿನ ಮೊದಲ ಮೂಳೆಯ ಅಂಚೂ ಕಾಣಬೇಕು. ಕಾಲೇಜಿನಲ್ಲಿ ನಮಗೆ ಮೊದಲ ವರ್ಷವೇ ಇದನ್ನು ಕಲಿಸಿದ್ದರು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಆ ಮಂಗಳವಾರ ನಾನು ಚೀಲವನ್ನು ಎತ್ತಿ ಬದಿಗಿಟ್ಟೆ. "ಪರವಾಗಿಲ್ಲ, ಹೆಗಲು ಆಗುವಷ್ಟು ಇಳಿಸಿ. ಉಸಿರು ಬಿಟ್ಟು ಹಾಗೆಯೇ ನಿಲ್ಲಿ," ಎಂದು ಹೇಳಿ ಒಳಗೆ ಹೋಗಿ ಗುಂಡಿ ಒತ್ತಿದೆ.

ನಾನು ಕೆಲಸ ಮಾಡುವುದು ಮೂಡುಬಿದಿರೆಯ ಹೊರವಲಯದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಎಕ್ಸ್‌ರೇ ಕೋಣೆಗೆ ಹಗಲಿಡೀ ನಾನೊಬ್ಬಳೇ. ಇಲ್ಲಿ ಕುತ್ತಿಗೆಯ ಫೋಟೋ ತೆಗೆಯದ ದಿನವೇ ಇಲ್ಲ. ಹಂಪ್ ಕಾಣದೆ ಬೈಕಿನಿಂದ ಎಗರಿದವರು, ಸ್ಕೂಟರಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ತಿರುವಿನಲ್ಲಿ ಜಾರಿದ ಹೆಂಗಸರು, ಬಸ್ಸು ಬ್ರೇಕು ಹಾಕಿದಾಗ ಮುಂದಿನ ಸೀಟಿನ ಕಂಬಿಗೆ ಹಣೆ ಬಡಿಸಿಕೊಂಡ ಅಜ್ಜಂದಿರು, ಕಬಡ್ಡಿಯಲ್ಲಿ ಮೈಮೇಲೆ ನಾಲ್ಕು ಜನ ಬಿದ್ದ ಹುಡುಗರು, ಕೆಂಪುಕಲ್ಲು ಹೊತ್ತು ನೆತ್ತಿ ಸವೆದವರು, ನೀರಿನ ಆಳ ನೋಡದೆ ತಲೆ ಕೆಳಗಾಗಿ ಹಾರಿದವರು. ಈಚೆಗೆ ಇವರ ಜೊತೆಗೆ ದೋಟಿಯವರೂ ಸೇರಿದ್ದಾರೆ. ಅಡಿಕೆ ಮರ ಹತ್ತುವವರು ಸಿಗದೆ, ನೆಲದ ಮೇಲೆಯೇ ನಿಂತು ದೋಟಿ ಎಂಬ ಉದ್ದದ ಫೈಬರ್ ಕೋಲಿನಿಂದ ಗೊನೆ ಇಳಿಸುವವರು ಇವರು. ಬೆಳಗ್ಗಿನಿಂದ ಸಂಜೆಯವರೆಗೆ ಮುಖ ಆಕಾಶಕ್ಕೆ. ಮರದಿಂದ ಬೀಳುವ ಭಯವಿಲ್ಲ, ಕುತ್ತಿಗೆ ನೋವು ಮಾತ್ರ ಬಿಡುವುದಿಲ್ಲ. ನಮ್ಮಲ್ಲಿ ಅದಕ್ಕೆ ದೋಟಿ ಕುತ್ತಿಗೆ ಎಂದೇ ಹೆಸರು. ಸಾಮಾನ್ಯವಾಗಿ ಐದನೆಯ, ಆರನೆಯ ಮೂಳೆಗಳ ನಡುವೆ ಸವೆತ ಇರುತ್ತದೆ, ಅದು ಮೇಲೆಯೇ ಕಾಣುತ್ತದೆ. ಏಳನೆಯದಕ್ಕೆ ಯಾರೂ ಕಾಯುವುದಿಲ್ಲ. ನಾನೂ ಕಾಯಲಿಲ್ಲ.

ಚೀಟಿಯಲ್ಲಿ ವೈದ್ಯರು ಬರೆದದ್ದು "ಕುತ್ತಿಗೆ ನೋವು, ದೋಟಿ ಕೆಲಸ" ಎಂದಷ್ಟೇ. ಫೋಟೋ ಕಂಪ್ಯೂಟರಿನಲ್ಲಿ ಮೂಡಿತು. ಆರು ಮೂಳೆ ಸ್ಪಷ್ಟ, ಕೆಳಗೆ ಬಿಳಿ. ಇನ್ನೊಂದು ತೆಗೆಯಬೇಕೆಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಹೊರಗೆ ಏಳೆಂಟು ಜನ ಕಾಯುತ್ತಿದ್ದರು. ವೈದ್ಯರು ಅವಸರದಲ್ಲಿ ಬಂದು ನೋಡಿ, "ಸವೆತ ಉಂಟು, ಬೇರೆ ಎಂತ ಇಲ್ಲ," ಎಂದರು. ಮಾತ್ರೆ ಬರೆದರು. ನಾನು ಫಿಲ್ಮ್ ಮುದ್ರಿಸಿ ಲಕೋಟೆಗೆ ಹಾಕಿ ಕೊಟ್ಟೆ. ಹೊರಡುವಾಗ ದೋಟಿಯವರು ಕೇಳಿದರು, "ಎಲುಬು ತುಂಡಾಗಿಲ್ಲ ಅಲ್ವಾ ಮೇಡಂ?"

ಫೋಟೋದಲ್ಲಿ ಏನಿದೆ ಎಂದು ರೋಗಿಗೆ ಹೇಳುವ ಅಧಿಕಾರ ನಮಗಿಲ್ಲ. "ಡಾಕ್ಟರ್ ಹೇಳಿದ್ದಾರಲ್ಲ," ಎಂದೆ.

"ಹಾಗಾದ್ರೆ ಆಯ್ತು," ಎಂದು ಅವರು ಹೆಂಡತಿಯ ಜೊತೆ ಹೋದರು. ಆಗ ಹನ್ನೆರಡೂವರೆ.

ಒಂದೂವರೆಗೆ ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚಿದೆ. ನಮ್ಮ ಆಸ್ಪತ್ರೆಯ ಆಯಾ ಎದುರಿಗೆ ಕೂತಿದ್ದರು. ಅವರು ಬೆಳ್ತಂಗಡಿ ಕಡೆಯವರು, ನನ್ನ ತಾಯಿಯ ವಯಸ್ಸಿನವರು. ಕಾಯುವ ಬೆಂಚಿನಲ್ಲಿ ಕೂತವರ ಕಥೆಗಳೆಲ್ಲ ಅವರಿಗೆ ಗೊತ್ತಿರುತ್ತವೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ದೋಟಿಯವರು ಇದ್ದಾರಲ್ಲ, ದೊಡ್ಡ ಮಾಸ್ಟ್ರು ಅಂತೆ. ಬಂಟ್ವಾಳ, ಸಿದ್ಧಕಟ್ಟೆ ಎಲ್ಲ ಕಡೆ ಹೊಸಬರಿಗೆ ದೋಟಿ ಕಲಿಸ್ಲಿಕ್ಕೆ ಇವರನ್ನೇ ಕರೆಯುವುದು. ಮೊನ್ನೆ ಮಾಸ್ಟ್ರ ಕುತ್ತಿಗೆಗೇ ಬಿತ್ತು ಗೊನೆ!" ಅವರು ನಕ್ಕರು. "ಬೀಳುವ ಗೊನೆಗೆ ಬಲೆ ಹಿಡಿದವರ ಮೇಲೆ ತಪ್ಪು ಹಾಕ್ಲಿಕ್ಕೂ ಇಲ್ಲ, ಇವರೇ ಕೊಯ್ದದ್ದು."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅವರು ಡಾಕ್ಟ್ರಿಗೆ ಹೇಳಲಿಲ್ಲವಲ್ಲ?"

"ಹೇಗೆ ಹೇಳುವುದು ಮಾರಾಯ್ತಿ? ಡ್ರೈವಿಂಗ್ ಕಲಿಸುವವ ತನ್ನ ಗೇಟಿಗೇ ಗುದ್ದಿದ ಹಾಗೆ ಆಯ್ತಲ್ಲ. ನಾಳೆ ಯಾರು ಕರೀತಾರೆ? ಹೆಂಡತಿ ನನ್ನ ಕೈ ಹಿಡಿದು ಹೇಳಿದ್ಲು, ಯಾರಿಗೂ ಹೇಳ್ಬೇಡಿ ಅಕ್ಕ ಅಂತ. ಆವತ್ತಿನಿಂದ ಕಿರುಬೆರಳು ಜುಂ ಜುಂ ಅಂತದೆಯಂತೆ. ನಿನ್ನೆ ಊಟ ಮಾಡುವಾಗ ನೀರಿನ ಲೋಟ ಬಿಟ್ರಂತೆ."

ಮರಳಿನ ಚೀಲ ಬಿದ್ದ ಸದ್ದು ನನಗೆ ಮತ್ತೆ ಕೇಳಿಸಿತು. ಕಿರುಬೆರಳಿಗೂ ಅಂಗೈಯ ಹಿಡಿತಕ್ಕೂ ಹೋಗುವ ನರ ಹೊರಬರುವುದು ಏಳನೆಯ ಮೂಳೆಯ ಕೆಳಗಿನಿಂದ. ನನ್ನ ಫೋಟೋದಲ್ಲಿ ಬಿಳಿಯಾಗಿದ್ದ ಜಾಗವೂ ಅದೇ.

"ಅವರು ಮನೆಗೆ ಹೋದರಾ?"

"ಎಲ್ಲಿಯ ಮನೆ? ವೇಣೂರು ದಾಟಿ ಆ ಪಂಡಿತರು ಇದ್ದಾರಲ್ಲ, ಉಳುಕು ಎಳೆಯುವವರು, ಅಲ್ಲಿಗೆ. ಅವರು ಮಂಗಳವಾರ, ಶನಿವಾರ ಮಾತ್ರ ಎಳೆಯುವುದು. ಊಟ ಆಗಿ ಎರಡೂವರೆಗೆ ಶುರು." ಆಯಾ ಉಪ್ಪಿನಕಾಯಿ ನೆಕ್ಕಿ ಮುಂದುವರಿಸಿದರು. "ಇವರು ನಮ್ಮಲ್ಲಿಗೆ ಬಂದದ್ದೇ ಪಂಡಿತರಿಗೋಸ್ಕರ. ಫೋಟೋ ಇಲ್ಲದೆ ಅವರು ಯಾರ ಕುತ್ತಿಗೆಯೂ ಮುಟ್ಟುವುದಿಲ್ಲ. ಹುಷಾರಿನ ಜನ. ಎಲುಬು ತುಂಡಾಗಿಲ್ಲ ಅಂತ ಫೋಟೋದಲ್ಲಿ ನೋಡಿಯೇ ಎಳೆಯುವುದು."

ಅಂದರೆ ನಾನು ಕೊಟ್ಟದ್ದು ಒಂದು ಪರವಾನಗಿ. ಪಂಡಿತರು ಅದನ್ನು ಬೆಳಕಿಗೆ ಹಿಡಿಯುತ್ತಾರೆ, ಆರು ಮೂಳೆ ನೆಟ್ಟಗಿರುವುದನ್ನು ನೋಡುತ್ತಾರೆ, ಗದ್ದಕ್ಕೊಂದು ಹಿಂದಲೆಗೊಂದು ಕೈ ಕೊಟ್ಟು ತಿರುಗಿಸಿ ಎಳೆಯುತ್ತಾರೆ. ಕೆಳಗಿನ ಮೂಳೆ ಜಾರಿದ್ದರೆ ಒಂದೇ ಎಳೆತದಲ್ಲಿ ಬೆನ್ನುಹುರಿ ಜಜ್ಜಿಹೋಗುತ್ತದೆ. ಆಮೇಲೆ ಕೈಕಾಲು ಬರುವುದಿಲ್ಲ. ಉಸಿರೂ ನಿಲ್ಲಬಹುದು.

ಕೈ ತೊಳೆಯದೆ ಕೋಣೆಗೆ ಓಡಿದೆ. ಕಂಪ್ಯೂಟರಿನಲ್ಲಿ ಫೋಟೋ ತೆರೆದು ಬೆರಳಿಟ್ಟು ಎಣಿಸಿದೆ. ಆರು. ಬೆಳಕು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಆರೇ. ನೋಂದಣಿ ಪುಸ್ತಕದಲ್ಲಿ ಅವರ ಫೋನ್ ನಂಬರ್ ಹುಡುಕಿ ಒತ್ತಿದೆ. ಫೋನ್ ರಿಂಗಾಯಿತು, ನನ್ನ ಬೆನ್ನ ಹಿಂದೆಯೇ. ಫೋಟೋಗೆ ಮುಂಚೆ ಸರ, ಫೋನು ಬಿಚ್ಚಿಡಲು ಕೊಡುವ ಸ್ಟೀಲ್ ತಟ್ಟೆಯಲ್ಲಿ ಅವರ ಫೋನು ನಡುಗುತ್ತಾ ಸುತ್ತುತ್ತಿತ್ತು. ಅದಕ್ಕೆ ಲಾಕ್ ಬೇರೆ, ಹೆಂಡತಿಯ ನಂಬರ್ ಹುಡುಕುವಂತೆಯೂ ಇಲ್ಲ. ಅದನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಹೊರಟೆ.

ತುರ್ತು ಕೋಣೆಯಲ್ಲಿ ವೈದ್ಯರು ಒಂದು ಮಗುವಿನ ಹಣೆಗೆ ಹೊಲಿಗೆ ಹಾಕುತ್ತಿದ್ದರು. ನಾನು ಹೆಚ್ಚು ಮಾತನಾಡುವವಳಲ್ಲ. ಆದರೂ ಹೇಳಿದೆ.

"ಸರ್, ಬೆಳಗ್ಗಿನ ದೋಟಿಯವರ ಕುತ್ತಿಗೆ ಫೋಟೋ ಅಪೂರ್ಣ. ಏಳನೆಯ ಮೂಳೆ ಬಂದಿಲ್ಲ. ಚೀಲ ಕೊಟ್ಟಾಗ ಕೈಯಿಂದ ಬಿತ್ತು, ಮತ್ತೆ ಕೊಡಲಿಲ್ಲ. ಅವರ ಕುತ್ತಿಗೆಗೆ ಗೊನೆ ಬಿದ್ದಿತ್ತಂತೆ. ಕಿರುಬೆರಳು ಮರಗಟ್ಟಿದೆ. ಈಗ ಕುತ್ತಿಗೆ ಎಳೆಸಲಿಕ್ಕೆ ಹೋಗಿದ್ದಾರೆ."

ವೈದ್ಯರ ಸೂಜಿ ನಿಂತಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮುಖ ಎತ್ತದೆ, "ನಾನೂ ನೋಡಿದ್ದು. ನಾನೂ ಎಣಿಸಲಿಲ್ಲ," ಎಂದರು. ಆಮೇಲೆ, "ನಮ್ಮ ಆಂಬ್ಯುಲೆನ್ಸ್ ಮಂಗಳೂರಿಗೆ ಹೋಗಿದೆ. ಬೇರೆ ತರಿಸ್ತೇನೆ, ಮುಕ್ಕಾಲು ಗಂಟೆಯಾದರೂ ಬೇಕು. ಪಂಡಿತರ ನಂಬರ್ ಯಾರಲ್ಲಾದ್ರೂ ಉಂಟಾ?"

"ಅವರು ಫೋನ್ ಇಟ್ಟುಕೊಳ್ಳುವುದಿಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಆಯಾ.

ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ಯಾರೂ ನನ್ನನ್ನು ಹೋಗೆಂದು ಹೇಳಲಿಲ್ಲ. ಎಕ್ಸ್‌ರೇ ಕೋಣೆ ಬಿಟ್ಟು ಹೋಗುವುದು, ರೋಗಿಯನ್ನು ಹುಡುಕಿಕೊಂಡು ಹೋಗುವುದು, ಅವರಿಗೆ ಫೋಟೋದ ವಿಷಯ ಹೇಳುವುದು, ಮೂರೂ ನನ್ನ ಕೆಲಸದಲ್ಲಿ ನಿಷೇಧ. "ಸ್ಕೂಟರಿನಲ್ಲಿ ನಾನು ಹೋಗ್ತೇನೆ ಸರ್. ಗಟ್ಟಿ ಕಾಲರ್ ಕೊಡಿ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅಪಘಾತದವರಿಗೆ ಹಾಕುವ ಪ್ಲಾಸ್ಟಿಕ್ಕಿನ ಕಾಲರನ್ನು ವೈದ್ಯರೇ ತೆಗೆದುಕೊಟ್ಟರು. "ಕುತ್ತಿಗೆ ಹೇಗೆ ಉಂಟೋ ಹಾಗೆಯೇ ಹಿಡಿಯಿರಿ. ನೆಟ್ಟಗೆ ಮಾಡ್ಲಿಕ್ಕೆ ಹೋಗ್ಬೇಡಿ."

ಮೂಡುಬಿದಿರೆಯಿಂದ ವೇಣೂರಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಆ ದಿನ ಆ ರಸ್ತೆಯಲ್ಲಿ ನನಗೆ ಕಂಡದ್ದು ಹಂಪುಗಳು ಮಾತ್ರ. ಪ್ರತಿ ಹಂಪಿನಲ್ಲೂ ಅವರ ತಲೆ ಬಸ್ಸಿನ ಸೀಟಿನಲ್ಲಿ ಹೇಗೆ ಕುಲುಕಿರಬಹುದು ಎಂದು ಯೋಚನೆ ಬರುತ್ತಿತ್ತು. ನನ್ನದೇ ಕುತ್ತಿಗೆ ಬಿಗಿದು ಎರಡೂ ಬದಿ ನೋಡಲು ಆಗುತ್ತಿರಲಿಲ್ಲ. ಒಂದು ಲಾರಿಯನ್ನು ಹಿಂದೆ ಹಾಕುವಾಗ ಎದುರಿಗೆ ಬಂದ ಬಸ್ಸಿನವನು ಕಿಟಕಿಯಿಂದ ಕೂಗಿದ್ದು ಕೇಳಿಸಿತು. ಆ ಬೈಗುಳ ನನಗೆ ಸಲ್ಲುವಂಥದ್ದೇ.

ವೇಣೂರು ಪೇಟೆ ದಾಟಿದ ಮೇಲೆ ಬ್ಯಾಗಿನೊಳಗೆ ಫೋನ್ ರಿಂಗಾಯಿತು. ನನ್ನದಲ್ಲ, ಅವರದು. ಬದಿಗೆ ನಿಲ್ಲಿಸಿ ತೆಗೆದೆ. ಪರದೆಯಲ್ಲಿ "ಮನೆ" ಎಂದಿತ್ತು.

"ಹಲೋ, ಈ ಫೋನ್ ಯಾರಿಗೆ ಸಿಕ್ಕಿದೆ? ಪುಣ್ಯ ಬರ್ತದೆ ನಿಮಗೆ..." ಅವರ ಹೆಂಡತಿ.

"ಅಕ್ಕ, ನಾನು ಆಸ್ಪತ್ರೆಯಿಂದ, ಫೋಟೋ ತೆಗೆದವಳು. ಅವರು ಎಲ್ಲಿದ್ದಾರೆ?"

"ಒಳಗೆ. ಈಗ ಕರೆದ್ರು. ಇವತ್ತು ಬೇಗ ಶುರು ಮಾಡಿದ್ದಾರೆ, ಜನ ಕಡಿಮೆ. ಎಣ್ಣೆ ಹಾಕ್ತಾ ಇದ್ದಾರೆ."

"ಎಳೆಯಲಿಕ್ಕೆ ಬಿಡಬೇಡಿ. ಕುತ್ತಿಗೆ ಮುಟ್ಟಲಿಕ್ಕೂ ಬಿಡಬೇಡಿ. ನಾನು ತೆಗೆದ ಫೋಟೋ ಸರಿ ಇಲ್ಲ."

"ಸರಿ ಇಲ್ಲವಾ? ಪಂಡಿತರು ನೋಡಿ ಒಳ್ಳೆದುಂಟು ಅಂದ್ರಲ್ಲ."

"ಅದರಲ್ಲಿ ಒಂದು ಮೂಳೆಯೇ ಬಂದಿಲ್ಲ. ಅಕ್ಕ, ದಯವಿಟ್ಟು ಒಳಗೆ ಹೋಗಿ."

"ಎಳೆಯುವಾಗ ಹೆಂಗಸರು ಒಳಗೆ ಹೋಗುವ ಕ್ರಮ ಇಲ್ಲ ಇಲ್ಲಿ..."

"ಹೋಗಿ!" ನಾನು ಕಿರುಚಿದೆ. ರಸ್ತೆಯಾಚೆ ಹುಲ್ಲು ಕೊಯ್ಯುತ್ತಿದ್ದವರು ತಿರುಗಿ ನೋಡಿದರು. "ಎಂತ ಬೇಕಾದ್ರೂ ಮಾಡಿ. ಇಲ್ಲದಿದ್ರೆ ಅವರು ಮತ್ತೆ ನಡೆಯುವುದಿಲ್ಲ."

ಫೋನ್ ಕಡಿಯಿತು. ಅವರು ಇಟ್ಟರೋ ನೆಟ್‌ವರ್ಕ್ ಹೋಯಿತೋ ತಿಳಿಯಲಿಲ್ಲ. ಮತ್ತೆ ಮಾಡೋಣವೆಂದರೆ ಅವರ ಫೋನಿಗೆ ಲಾಕ್, ಅದರಲ್ಲಿ ಸಿಗ್ನಲ್ಲಿನ ಗೆರೆಯೂ ಇರಲಿಲ್ಲ. ಉಳಿದದ್ದು ಮೂರು ನಾಲ್ಕು ಕಿಲೋಮೀಟರು. ಆ ದಾರಿಯಲ್ಲಿ ನಾನು ದೇವರನ್ನು ನೆನೆಯಲಿಲ್ಲ. ಒಂದು, ಎರಡು, ಮೂರು ಎಂದು ಏಳರವರೆಗೆ ಎಣಿಸುತ್ತಾ, ಮತ್ತೆ ಒಂದರಿಂದ ಶುರು ಮಾಡುತ್ತಾ ಹೋದೆ. ಯಾಕೆಂದು ಗೊತ್ತಿಲ್ಲ.

ಪಂಡಿತರ ಮನೆಯ ಅಂಗಳದಲ್ಲಿ ನಾಲ್ಕೈದು ಜನ ಎದ್ದು ನಿಂತು ಬಾಗಿಲ ಕಡೆ ನೋಡುತ್ತಿದ್ದರು. ಒಳಗಿನಿಂದ ಒಂದೂ ಮಾತಿಲ್ಲ. ಎಲ್ಲ ಮುಗಿದಿದೆ ಎಂದೇ ನನಗೆ ಅನ್ನಿಸಿತು. ಚಪ್ಪಲಿ ಕಳಚದೆ ಒಳಗೆ ಹೋದೆ.

ಸಣ್ಣ ಕೋಣೆ. ದೋಟಿಯವರು ಅಂಗಿ ಬಿಚ್ಚಿ ಗಿಡ್ಡ ಮಣೆಯ ಮೇಲೆ ಕೂತಿದ್ದರು. ಹಿಂದೆ ಮಂಡಿಯೂರಿದ ಪಂಡಿತರ ಒಂದು ಕೈ ಅವರ ಗದ್ದದ ಕೆಳಗಿತ್ತು, ಇನ್ನೊಂದು ಹಿಂದಲೆಗೆ. ಎದುರಿಗೆ ಹೆಂಡತಿ, ಎಣ್ಣೆಯ ಬಟ್ಟಲನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಿದ್ದರು. ಸೀರೆಯೆಲ್ಲ ಎಣ್ಣೆ.

"ಇಷ್ಟು ವರ್ಷದಲ್ಲಿ ನನ್ನ ಬಟ್ಟಲಿಗೆ ಕೈ ಹಾಕಿದವರಿಲ್ಲ," ಪಂಡಿತರು ಕುದಿಯುತ್ತಿದ್ದರು. "ಕೊಡ್ತೀರೋ ಇಲ್ವೋ?"

"ಕೊಡುವುದಿಲ್ಲ," ಎಂದರು ಆಕೆ. "ಎಣ್ಣೆ ಇಲ್ಲದೆ ನೀವು ಎಳೆಯುವುದಿಲ್ಲ ಅಂತ ನನಗೆ ಗೊತ್ತುಂಟು."

ನನ್ನನ್ನು ಕಂಡು ಪಂಡಿತರು ಕೈ ತೆಗೆಯಲು ಹೊರಟರು.

"ಕೈ ತೆಗೆಯಬೇಡಿ!" ಎಂದೆ. "ಅಲ್ಲಾಡಿಸಬೇಡಿ. ಹೇಗೆ ಹಿಡಿದಿದ್ದೀರೋ ಹಾಗೆಯೇ ಹಿಡಿದುಕೊಳ್ಳಿ."

ಅವರು ನನ್ನ ಮುಖ ನೋಡಿದರು. ಏನು ಕಂಡಿತೋ, ಕೈ ಹಾಗೆಯೇ ನಿಂತಿತು.

"ಯಾರು ನೀವು?"

"ಈ ಫೋಟೋ ತೆಗೆದವಳು."

ಕಿಟಕಿಯ ಸರಳಿಗೆ ನನ್ನ ಫಿಲ್ಮ್ ಸಿಕ್ಕಿಸಿತ್ತು. ಹೊರಗಿನ ಬಿಸಿಲಿಗೆ ಅದು ಆಸ್ಪತ್ರೆಯ ಪರದೆಗಿಂತ ಚೆನ್ನಾಗಿ ಕಾಣುತ್ತಿತ್ತು. ಪಂಡಿತರು ಗದ್ದದಿಂದ ಅದನ್ನು ತೋರಿಸಿದರು. "ಎಲ್ಲಿ ತಪ್ಪು? ಎಲ್ಲ ಸರ ಹಾಕಿದ ಹಾಗೆ ನೆಟ್ಟಗೆ ಉಂಟಲ್ಲ?"

ನಾನು ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದೆ. ಜೋರಾಗಿಯೇ ಎಣಿಸಿದೆ. ಆರರ ನಂತರ ಬೆರಳು ಬಿಳಿಯ ಮೇಲೆ ನಿಂತಿತು.

"ಏಳು ಇರಬೇಕು," ಎಂದೆ. "ಏಳನೆಯದು ಈ ಬಿಳಿಯ ಒಳಗೆ ಉಂಟು. ಅದು ಹೇಗಿದೆ ಅಂತ ನನಗೆ ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ. ತಪ್ಪು ನನ್ನದು." ಆಮೇಲೆ ದೋಟಿಯವರ ಎದುರು ಕುಕ್ಕರುಗಾಲಲ್ಲಿ ಕೂತೆ. "ಅಣ್ಣ, ತಲೆ ಆಡಿಸದೆ ಹೇಳಿ. ಗೊನೆ ಬಿದ್ದದ್ದು ಹೌದಾ?"

ಅವರ ಕಣ್ಣು ಮಾತ್ರ ಹೆಂಡತಿಯ ಕಡೆ ತಿರುಗಿತು. "ಹೌದು," ಎಂದರು. ಕೇಳಿಯೂ ಕೇಳದ ಹಾಗಿತ್ತು.

ಪಂಡಿತರು ಉಸಿರು ಒಳಗೆಳೆದುಕೊಂಡರು. "ಬಿದ್ದು ಪೆಟ್ಟಾಗಿದೆಯಾ ಅಂತ ನಾನು ಎರಡು ಸಲ ಕೇಳಿದೆ. ಇಲ್ಲ ಅಂದ್ರಿ!"

"ಬಿದ್ದದ್ದು ನಾನಲ್ಲ ಅಲ್ವಾ," ಎಂದರು ದೋಟಿಯವರು. "ಬಿದ್ದದ್ದು ಗೊನೆ."

ಹೆಂಡತಿ ಬಟ್ಟಲನ್ನು ನೆಲಕ್ಕಿಟ್ಟು ಅಳತೊಡಗಿದರು.

ಕಾಲರ್ ಹಾಕುವುದನ್ನು ನಾನು ಕಾಲೇಜಿನಲ್ಲಿ ಗೊಂಬೆಯ ಮೇಲೆ ಮಾಡಿದ್ದೆ, ಆಸ್ಪತ್ರೆಯಲ್ಲಿ ಬೇರೆಯವರು ಹಾಕುವಾಗ ನೋಡಿದ್ದೆ. ಈಗ ಕುತ್ತಿಗೆಯಿಡೀ ಎಣ್ಣೆ, ಕಾಲರ್ ಜಾರುತ್ತಿತ್ತು. ಪಂಡಿತರು ತಲೆಯನ್ನು ಹಿಡಿದೇ ಇದ್ದರು. ಹಿಂಭಾಗವನ್ನು ಮೊದಲು ತೂರಿಸಿ, ಮುಂಭಾಗವನ್ನು ಗದ್ದದ ಕೆಳಗೆ ಕೂರಿಸಿ ಪಟ್ಟಿ ಎಳೆಯುವಾಗ ನನಗೆ ಕೇಳಿಸುತ್ತಿದ್ದದ್ದು ಪಟ್ಟಿಯ ಕರ್ರೆಂಬ ಸದ್ದು ಮಾತ್ರ. ಅಂಗಳದಿಂದ ಮೂವರನ್ನು ಕರೆದೆವು. ತಲೆ, ಹೆಗಲು, ಸೊಂಟ ಒಂದೇ ಹಲಗೆಯ ಹಾಗೆ ಸಾಗಬೇಕೆಂದು ಹೇಳಿದೆ. ಪಂಡಿತರು "ಮೂರು" ಎಂದಾಗ ಎಲ್ಲರೂ ಒಟ್ಟಿಗೆ ಅವರನ್ನು ಚಾಪೆಯ ಮೇಲೆ ಮಲಗಿಸಿದರು.

ಆಂಬ್ಯುಲೆನ್ಸ್ ಬರಲು ಇನ್ನೂ ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಪಂಡಿತರು ತಲೆದಿಂಬಿನ ಜಾಗದಲ್ಲಿ ಕೂತು ಎರಡು ಅಂಗೈಗಳ ನಡುವೆ ಆ ತಲೆಯನ್ನು ಹಿಡಿದಿದ್ದರು. ನಾನು ಐದೈದು ನಿಮಿಷಕ್ಕೆ "ಕಾಲು ಬೆರಳು ಆಡಿಸಿ" ಎನ್ನುತ್ತಿದ್ದೆ. ಬೆರಳು ಆಡಿದಾಗಲೆಲ್ಲ ಹೆಂಡತಿ ನನ್ನ ಮುಖ ನೋಡುತ್ತಿದ್ದರು. ಒಂದು ಸಲ ಎಡಗಾಲಿನ ಬೆರಳು ಕ್ಷಣ ತಡವಾಗಿ ಆಡಿತು. ಆ ಕ್ಷಣವನ್ನು ನಾನು ಇವತ್ತಿಗೂ ಮರೆತಿಲ್ಲ.

"ಇನ್ನು ಎರಡು ಸಲ ಎಣ್ಣೆ ತಿಕ್ಕಿದ್ರೆ ಆಗಿತ್ತು," ಪಂಡಿತರು ನನಗೆ ಮಾತ್ರ ಕೇಳುವಂತೆ ಹೇಳಿದರು. "ಮತ್ತೆ ಎಳೆಯುವುದೇ." ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾನು ನನ್ನ ದುಪಟ್ಟಾದ ತುದಿಯಿಂದ ಒರೆಸಿದೆ.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಏಳನೆಯ ಮೂಳೆ ತನ್ನ ಕೆಳಗಿನದರ ಮೇಲಿಂದ ಮುಂದಕ್ಕೆ ಜಾರಿತ್ತು, ಹಿಂದಿನ ಕೀಲಿನ ಒಂದು ಚೂರು ಒಡೆದಿತ್ತು. ಶಸ್ತ್ರಚಿಕಿತ್ಸೆ ಮಾಡಿ ಸ್ಕ್ರೂ ಹಾಕಿದರು. ಅವರು ನಡೆಯುತ್ತಾರೆ. ಹಿಡಿತ ಬಹುಪಾಲು ಮರಳಿದೆ, ಕಿರುಬೆರಳು ಇನ್ನೂ ಮರಗಟ್ಟಿಯೇ ಇದೆ. ದೋಟಿ ಹಿಡಿಯುವಂತಿಲ್ಲ. ಕುರ್ಚಿ ಹಾಕಿ ಕೂತು ಬಾಯಲ್ಲೇ ಕಲಿಸುತ್ತಾರಂತೆ, ಮೊದಲ ಪಾಠವಾಗಿ ತಮ್ಮ ಗೊನೆಯ ಕಥೆಯನ್ನೇ ಹೇಳುತ್ತಾರಂತೆ. ಇದನ್ನು ಹೇಳಿದ್ದು ಆಯಾ.

ನಾನು ಲಿಖಿತವಾಗಿ ವಿವರಣೆ ಕೊಟ್ಟೆ. ವೈದ್ಯರೂ ಕೊಟ್ಟರು. ಈಗ ನಮ್ಮಲ್ಲಿ ಏಳು ಮೂಳೆ ಕಾಣದ ಕುತ್ತಿಗೆ ಫೋಟೋ ಮುದ್ರಿಸುವಂತಿಲ್ಲ. ಮತ್ತೆ ತೆಗೆಯಬೇಕು, ಆಗದಿದ್ದರೆ ಸ್ಕ್ಯಾನಿಗೆ ಕಳಿಸಬೇಕು. ಪೆಟ್ಟಾಗಿದೆಯೇ ಎಂದಷ್ಟೇ ಕೇಳಿ ಬಿಡುವುದಿಲ್ಲ. ಮೈಮೇಲೆ ಏನಾದರೂ ಬಿತ್ತೇ, ನೀವು ಯಾವುದರ ಮೇಲಾದರೂ ಬಿದ್ದಿರಾ ಎಂದು ಬೇರೆಬೇರೆಯಾಗಿ ಕೇಳುತ್ತೇನೆ.

ಒಂದು ತಿಂಗಳ ನಂತರ ವೇಣೂರು ಕಡೆಯಿಂದ ಒಬ್ಬ ಹೆಂಗಸು ಬಂದರು. ವೈದ್ಯರ ಚೀಟಿಯ ಜೊತೆಗೆ ಇನ್ನೊಂದು ಚೀಟಿಯೂ ಅವರ ಕೈಯಲ್ಲಿತ್ತು, ಹಳೆಯ ಕ್ಯಾಲೆಂಡರಿನ ಹಾಳೆ ಹರಿದದ್ದು. ಅದಕ್ಕೆ ಎಣ್ಣೆಯ ಹೆಬ್ಬೆಟ್ಟಿನ ಗುರುತು ಬಿದ್ದಿತ್ತು. ದಪ್ಪ ಅಕ್ಷರದಲ್ಲಿ "ಏಳೂ ಕಾಣಬೇಕು" ಎಂದು ಬರೆದಿತ್ತು. ಆಮೇಲೆ ಅಂಥ ಚೀಟಿ ವಾರಕ್ಕೆ ಒಂದೆರಡಾದರೂ ಬರುತ್ತಿವೆ.

ಅವುಗಳನ್ನು ನೋಡಿ ಆಯಾ ನಗುತ್ತಾರೆ. ನನಗೆ ಹಳೆಯ ಫೋಟೋಗಳು ನೆನಪಾಗುತ್ತವೆ. ಆ ಮಂಗಳವಾರಕ್ಕೆ ಮೊದಲು ಎರಡು ವರ್ಷ ನಾನು ಇದೇ ಕೋಣೆಯಲ್ಲಿ ಕುತ್ತಿಗೆಯ ಫೋಟೋ ತೆಗೆದಿದ್ದೇನೆ. ಎಲ್ಲವೂ ಕಂಪ್ಯೂಟರಿನಲ್ಲಿವೆ. ದಿನಾ ಕೆಲಸ ಮುಗಿದ ಮೇಲೆ ಹತ್ತು ಫೋಟೋ ತೆರೆದು ಬೆರಳಿಟ್ಟು ಎಣಿಸುತ್ತೇನೆ. ಆರಕ್ಕೆ ನಿಂತರೆ ಹೆಸರು ಬರೆದುಕೊಂಡು ಮರುದಿನ ವೈದ್ಯರ ಎದುರು ನಿಂತು ಫೋನ್ ಮಾಡುತ್ತೇನೆ. ರಿಂಗಾಗುತ್ತದೆ. ಆ ಕಡೆಯಿಂದ ಯಾರಾದರೂ ಹಲೋ ಎನ್ನುವವರೆಗೆ ನಾನು ಉಸಿರು ಬಿಟ್ಟು ಹಾಗೆಯೇ ನಿಂತಿರುತ್ತೇನೆ.